ಆ ಕಡೆಯ ರೊಟ್ಟಿ

ಬಂದರಿನ ಗೋದಾಮಿನ ಮೇಲಿನ ಮಾಳಿಗೆ,
ಕೆಳಗೆ ಒಣಮೆಣಸು, ಮೇಲೆ ನಮ್ಮ ತೆರಿಗೆ ಆಫೀಸು.
ಸೀನುತ್ತಲೇ ಹತ್ತಿ ಬಂದರು ಬೆಂಗರೆಯ ಅವ್ವಮ್ಮ,
ಬಗಲಲ್ಲಿ ಅಲ್ಯುಮಿನಿಯಂ ಡಬ್ಬ, ಇನ್ನೂ ಬಿಸಿ.

"ಹೋಟೆಲಿನವರಿಗೆ ಇನ್ನು ಬಿಲ್ಲು ಬೇಕಂತೆ.
ಹನ್ನೊಂದು ವರ್ಷ ಬೇಡವಾಗಿತ್ತು.
ರೊಟ್ಟಿ ಹೊಟ್ಟೆಗೆ ಹೋದರೆ ಸಾಲದು ಅವರ ಆಡಿಟರಿಗೆ,
ಕಾಗದಕ್ಕೂ ಹೋಗಬೇಕು."

ಫಾರಮು ತೆರೆದೆ.
ಆಧಾರಿನಲ್ಲಿ ಅವ್ವಮ್ಮ, ಪ್ಯಾನಿನಲ್ಲಿ ಔವಮ್ಮ,
ರೇಷನ್ ಕಾರ್ಡಿನಲ್ಲಿ ಬರೀ ಹವ್ವಾ.
"ಮೂವರೂ ನಾನೇ, ಬರೆದುಕೊ ಮಗಾ."
ಮೂವರಾದರೆ ಪಾಲುದಾರಿಕೆ ಆಗುತ್ತದೆ ಅಂದೆ.
ಅವರು ನಗಲಿಲ್ಲ.

ಸಂಸ್ಥೆಯ ಸ್ವರೂಪ: ಏಕಮಾಲೀಕತ್ವ.
ಕೆಲಸಗಾರರು? "ಸೊಸೆ ಉಂಟು. ಸಂಬಳ ಇಲ್ಲ."
ಸೊನ್ನೆ ಒತ್ತಿದೆ.
ವ್ಯಾಪಾರದ ಹೆಸರು?
"ಎಂತ ಹೆಸರು! ಇಲ್ಲಿಯವರು ಆ ಕಡೆಯ ರೊಟ್ಟಿ ಅಂತಾರೆ.
ಆ ಕಡೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ,
ಅಲ್ಲಿ ಎಲ್ಲರ ಕಾವಲಿಯಲ್ಲೂ ಅದೇ."

ಜಾಗ ನಕ್ಷೆಯಲ್ಲಿ ತೋರಿಸಬೇಕು.
ಕೆಂಪು ಮೊಳೆಯನ್ನು ಹಿಡಿದು ಮರಳ ಮೇಲೆ ಬಿಡುತ್ತೇನೆ,
ನೆಟ್ಟು ಬಿಕ್ಕಳಿಸುತ್ತದೆ,
ಮೊಳೆ ಜಾರಿ ಫಲ್ಗುಣಿಯ ನಡುನೀರಿಗೆ.
ಮತ್ತೆ ಎತ್ತಿದೆ. ಮತ್ತೆ ನೀರು.
ಅವ್ವಮ್ಮ ಕನ್ನಡಕ ಏರಿಸಿ ನೋಡಿ,
"ಅಲ್ಲೇ ಇರಲಿ. ಆರೂಕಾಲರ ಫೆರಿಯಲ್ಲಿ
ಅರ್ಧ ಡಬ್ಬ ಅಲ್ಲೇ ಖಾಲಿ."

ವರ್ಷದ ವಹಿವಾಟು ಕೂಡಿಸಿದೆ, ಎರಡು ಸಲ.
ಜಿಎಸ್‌ಟಿ ಬೇಡ, ಮಿತಿಗಿಂತ ಎಷ್ಟೋ ಕೆಳಗೆ ಇದ್ದೀರಿ,
ಬಿಲ್ಲಿನಲ್ಲಿ ತೆರಿಗೆ ಅಂತ ಒಂದು ಪೈಸೆ ಸೇರಿಸಬೇಡಿ.
"ಕೆಳಗೆ ಅಂದರೆ? ಬಡವರ ಲೆಕ್ಕವಾ?"
ಅಲ್ಲ, ಮಿತಿಯ ಒಳಗೆ.
"ಹಾಗಾದರೆ ಒಳಗೆ ಅನ್ನು."

ಪ್ರಿಂಟರು ಕೆಮ್ಮಿ ಕಾಗದ ಕೊಟ್ಟಿತು.
ಇಂಗ್ಲಿಷ್ ಅಕ್ಷರದಲ್ಲಿ ಆ ಕಡೆಯ ರೊಟ್ಟಿ,
ಓದಲಾಗದ್ದನ್ನು ಅವರು ಬೆರಳಿಂದ ಒಮ್ಮೆ ಸವರಿದರು.
ಸರಕಾರಕ್ಕೆ ಇದರ ಫೀಸು ಸೊನ್ನೆ.
ಗೋಡೆಯಲ್ಲಿ, ನಮ್ಮ ಧಣಿಯ ಪಟ್ಟಿಯಲ್ಲಿ, ಸಾವಿರದ ಐನೂರು.
ನಾನು ಪಟ್ಟಿ ತೋರಿಸಿದೆ, ಸೊನ್ನೆ ಹೇಳಲಿಲ್ಲ.
ಎಣಿಸಿ ಇಟ್ಟರು. ನೋಟಿನ ಮಡಿಕೆಯಲ್ಲೆಲ್ಲ ಅಕ್ಕಿಹಿಟ್ಟು.

ಮತ್ತೆ ಕೈ ಚಾಚಿ ನಿಂತರು.
"ರಶೀದಿ?"

ಧಣಿ ಊಟಕ್ಕೆ ಹೋಗಿದ್ದಾರೆ ಅಂದೆ.
"ಸಂಜೆ ಫೆರಿಗೆ ಮೊದಲು ಬರುತ್ತೇನೆ, ಬರೆದಿಡು"
ಅಂತ, ಹಳೇ ಪೇಪರಿನ ಮೇಲೆ ಎರಡು ರೊಟ್ಟಿ ಇಟ್ಟು
ಸೀನುತ್ತಲೇ ಇಳಿದು ಹೋದರು.

ರಶೀದಿ ಪುಸ್ತಕ ಅನ್ನುವುದು ಈ ಆಫೀಸಿನಲ್ಲಿ ಇಲ್ಲ.
ಬಿಳಿ ಹಾಳೆ ಮುಂದಿಟ್ಟು ಕೂತಿದ್ದೇನೆ.
ಏಳು ವರ್ಷದಿಂದ ಹೆಸರಿಲ್ಲದ ಕವರಿನಲ್ಲಿ ಸಂಬಳ ತಗೊಂಡವನು
ಸಹಿ ಹಾಕುವುದಾದರೂ ಯಾರೆಂದು?
ರೊಟ್ಟಿ ಆರುತ್ತಿದೆ.