ಸೊನ್ನೆ, ಮುಕ್ಕೋನ

ಒಸಾಕಾದ ದಫ್ತರಖಾನೆಯಲ್ಲಿ ಹನ್ನೊಂದು ವಾರ
ಬಿಳಿ ಕೈಗವಸು ತೊಟ್ಟು ಕೂತಿದ್ದೆ
ಅಂಗೈಯಗಲದ ಒಂದು ಪುಸ್ತಕದ ಮುಂದೆ.
ಯುದ್ಧಕ್ಕೆ ಮುಂಚಿನದು. ಮನೆಮನೆಗೆ ಹೊತ್ತು
ಪೌಡರು ಮಾರಿದ ವಿಧವೆಯೊಬ್ಬಳ ಲೆಕ್ಕ:
ಹೆಸರು, ಓಣಿ, ಕ್ರೀಮು ಎಷ್ಟು ಡಬ್ಬಿ, ಬರಬೇಕಾದ ಸೆನ್ ಎಷ್ಟು,
ಪಕ್ಕದಲ್ಲಿ ಒಂದು ಸೊನ್ನೆ, ಇಲ್ಲವೇ ಮುಕ್ಕೋನ,
ಅಲ್ಲೊಂದು ಇಲ್ಲೊಂದು ಹೆಸರಿನ ಮೇಲೇ ಅಡ್ಡಗೆರೆ.

ಮೂರನೇ ಅಧ್ಯಾಯ, ಅಡಿಟಿಪ್ಪಣಿ ನಲವತ್ತೇಳರಲ್ಲಿ ಬರೆದೆ:
ಇವು ಗಿರಾಕಿಗಳ ಚರ್ಮದ ಬಗೆ ಇರಬೇಕು.
ಒಣ ಚರ್ಮ, ಜಿಡ್ಡಿನ ಚರ್ಮ.
'ಇರಬೇಕು' ಎಂಬುದು ಇತಿಹಾಸಕಾರರ ಸ್ನೋ.
ತೆಳ್ಳಗೆ ಸವರಿದರೆ
ಕಲೆ ಕಾಣುವುದಿಲ್ಲ.

ದುರ್ಗಿಗುಡಿಯ ಅಡ್ಡರಸ್ತೆ, ಝೆರಾಕ್ಸ್ ಅಂಗಡಿಯ ಮೇಲೆ
ರೂಪಸಿ ಲೇಡೀಸ್ ಪಾರ್ಲರ್. ಕರೆಂಟಿಲ್ಲ.
ಬೆಳಕಿಗೆಂದು ಕುರ್ಚಿ ಬಾಗಿಲಿಗೆಳೆದು
ಸೆವ್ರಿನ್ ಬಾಯಿ ದಾರದ ತುದಿ ಹಲ್ಲಲ್ಲಿ ಕಚ್ಚಿ
ನನ್ನ ಎಡಹುಬ್ಬಿನ ಮೇಲೆ ಬಾಗಿದ್ದಾರೆ.
ಅರವತ್ತೆಂಟು ವಯಸ್ಸು. ಕೈ ನಡುಗುವುದಿಲ್ಲ.
ಜಪಾನಿನೋರು ಮುಖಕ್ಕೆ ಏನು ಹಚ್ಕೊಳ್ತಾರೆ ಅಂತ
ಎಲ್ಲರ ಹಾಗೆ ಕೇಳಲಿಲ್ಲ ಅವರು.
ದಾರ ಬಿಟ್ಟು ಕೇಳಿದ್ದು ಒಂದೇ:
"ಉದ್ರಿ ಕೊಡ್ತಿದ್ರಾ?"

ಫೋನು ತೆಗೆದು ಆ ಪುಟ ತೋರಿಸಿದೆ.
ಕನ್ನಡಕ ಹಣೆಗೇರಿಸಿ, ಎರಡು ಬೆರಳಲ್ಲಿ ಹಿಗ್ಗಿಸಿ
ನೋಡಿದರು, ನೋಡಿದರು, ನಕ್ಕರು.

"ಚರ್ಮ ಅಲ್ಲ ಮೇಡಂ, ಗಂಡ.
ಸೊನ್ನೆ ಅಂದ್ರೆ ಹಗಲು ಶಿಫ್ಟು. ಬಾಗಿಲು ತಟ್ಟು.
ಮುಕ್ಕೋನ, ರಾತ್ರಿ ಶಿಫ್ಟು. ಒಳಗೆ ಮಲಗಿರ್ತಾನೆ,
ಗೇಟೂ ಮುಟ್ಟಬೇಡ.
ಗೆರೆ ಹೊಡೆದಿದ್ದು, ಅತ್ತೆಗೆ ಗೊತ್ತಾಯ್ತು.
ಆ ಲೈನೇ ಬಿಟ್ಟುಬಿಡು."

ಎಪ್ಪತ್ತೊಂಬತ್ತನೇ ಇಸವಿ. ಭದ್ರಾವತಿ, ಕಾಗದನಗರದ ಕ್ವಾರ್ಟರ್ಸು.
ರೆಕ್ಸಿನ್ ಚೀಲದ ತುಂಬ ತಾವೇ ಕಾಯಿಸಿದ ಸ್ನೋ,
ಹಾರ್ಲಿಕ್ಸ್ ಬಾಟಲಿಯಲ್ಲಿ.
ಸೈರನ್ನು ಕೂಗಿದ ಮೇಲೆ ಹೊರಟು
ಮತ್ತೆ ಕೂಗುವುದರೊಳಗೆ ಬಸ್‌ಸ್ಟ್ಯಾಂಡು.
"ಆ ಹೆಂಗಸಿನ ಊರಲ್ಲೂ ಮಿಲ್ಲು ಇದ್ದಿರಬೇಕು,"
ಎಂದರು. ಇತ್ತು. ಹತ್ತಿಯದು.
ನನ್ನ ಎರಡನೇ ಅಧ್ಯಾಯ ಪೂರ್ತಿ ಅದೇ.

ನಿಮ್ಮ ಲೆಕ್ಕದ ಪುಸ್ತಕ ಎಲ್ಲಿ?
ಕೇಳುವಾಗ ನನ್ನ ದನಿ ಯಾಕೋ ಒಣಗಿತ್ತು.
"ತೀರಿದ ಲೆಕ್ಕ ಯಾರಿಡ್ತಾರೆ? ಬಚ್ಚಲ ಒಲೆಗೆ ಹಾಕಿದೆ.
ಸಿ ಲೈನಿನ ಗಂಗೂಬಾಯಿ ಮಾತ್ರ
ಇನ್ನೂ ಹದಿನಾಲ್ಕು ರೂಪಾಯಿ ಕೊಡಬೇಕು."

ಬಲಹುಬ್ಬು ಮುಗಿಯುವ ಹೊತ್ತಿಗೆ ಕರೆಂಟು ಬಂತು.
ಕನ್ನಡಿಯಲ್ಲಿ ಕೆಂಪಗೆ ಉಬ್ಬಿದ
ಒಬ್ಬ ಡಾಕ್ಟರೇಟ್ ಪಡೆದವಳ ಹಣೆ.
ಐನೂರರ ನೋಟು, ಚಿಲ್ಲರೆಯಿಲ್ಲ.
ಇರಲಿ ಬಿಡಿ, ಇನ್ನೊಂದ್ಸಲ, ಎಂದು
ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ನನ್ನ ಹೆಸರು ಬರೆದು
ಪಕ್ಕದಲ್ಲಿ ಏನೋ ಒಂದು ಗುರುತು ಹಾಕಿದರು,
ನನಗೆ ಕಾಣದ ಹಾಗೆ
ಅಂಗೈ ಮರೆಮಾಡಿ.