ಅಂಚಿನ ಗಂಟೆ

ಎಸ್.ಪಿ. ರಸ್ತೆಯ ಓಣಿಯೊಂದರಲ್ಲಿ, ಮೆಟ್ಟಿಲ ಕೆಳಗೆ, ನನ್ನ ಅಂಗಡಿ.
ಅಂದರೆ ಒಂದು ಮೇಜು, ಒಂದು ಡಬ್ಬ ಸ್ಕ್ರೂ,
ಕರೆಂಟು ಹೋದರೆ ಪಕ್ಕದವನ ಯುಪಿಎಸ್ಸು.

ಲಿಂಗರಾಜಪುರದಿಂದ ಆಟೋದಲ್ಲಿ ಬಂದರು ಎಸ್ತರ್ ಮಿಸ್,
ಮಡಿಲಲ್ಲಿ ಹಳೇ ಸಿಪಿಯು, ದುಪ್ಪಟಿ ಸುತ್ತಿ,
ಜ್ವರದ ಕೂಸಿನ ಹಾಗೆ.
"ಎರಡೇ ಜಿಬಿ ಅಂತೆ. ಹೊಸ ವಿಂಡೋಸು ಇದಕ್ಕೆ ಹತ್ತಲ್ಲವಂತೆ.
ನೀನು ಲಿನಕ್ಸ್ ಹಾಕ್ತೀಯಲ್ಲ ಸಂಪಂಗಿ, ಹಾಕು. ಇಲ್ಲೇ ಕೂರ್ತೀನಿ."

ಹಾಕಿದೆ. ತೆರೆಯೆಲ್ಲ ಕಪ್ಪು.
ಮೂಲೆಯಲ್ಲೊಂದು ಬಿಳಿ ಗೆರೆ ಮಿಣುಕುತ್ತ ಕಾಯುತ್ತಿತ್ತು.
"ಇದು ಬರೀ ಪಾಯ ಮಿಸ್. ಮನೆ ಆಮೇಲೆ.
ಬಾಗಿಲು ಎಲ್ಲಿ, ಕಿಟಕಿ ಹೇಗೆ, ಗೋಡೆಗೆ ಯಾವ ಬಣ್ಣ,
ಡೆಸ್ಕ್‌ಟಾಪು ಅಂತಾರೆ, ನೀವೇ ಆರಿಸಬೇಕು."
ಬಾಡಿಗೆ ಮನೆಯಲ್ಲೇ ನಲವತ್ತು ವರ್ಷ ಕಳೆದವರು ನಕ್ಕರು:
"ಮೊಳೆ ಹೊಡೆಯೋಕೂ ಬಿಡ್ತಿರಲಿಲ್ಲ ಕಣೋ ಓನರು."

ಮೊದಲು ಗ್ನೋಮ್.
ಒಳಗಿನ ಫ್ಯಾನಿಗೆ ಏರು ಹತ್ತುವ ಬಸ್ಸಿನ ಏದುಸಿರು.
ಕಿಟಕಿ ತೆರೆಯುವಷ್ಟರಲ್ಲಿ
ನಮ್ಮ ಬೈಟು ಕಾಫಿ ಮುಗಿದಿತ್ತು.

ಆಮೇಲೆ ಕೆಡಿಇ. ಒಂದೊಂದೂ ಹೊಳೆದು, ಬಳುಕಿ, ಕರಗಿ—
"ಕ್ರಿಸ್‌ಮಸ್ ಹಿಂದಿನ ದಿನದ ಕಮರ್ಷಿಯಲ್ ಸ್ಟ್ರೀಟು. ತೆಗಿ."

ಕೊನೆಗೆ ಎಕ್ಸ್‌ಎಫ್‌ಸಿಇ; ನಾಲಗೆಗೆ ಭಾರ, ಯಂತ್ರಕ್ಕೆ ಹಗುರ.
ಅದರಲ್ಲೂ ಒಂದೊಂದೇ ತೆಗೆಸಿದರು:
ಕಸದ ಬುಟ್ಟಿ. ಗಡಿಯಾರ, "ಕೈಯಲ್ಲಿದೆಯಲ್ಲ."
ಗೋಡೆಯ ಮೇಲಿನ ಇಲಿ.
ಉಳಿದದ್ದು ಬೂದು ಬಣ್ಣ, ಮಧ್ಯೆ ಬಿಳಿಯ ಚೌಕ.
"ಹಾಂ. ಇದು ಹಾಳೆ."

ಬೆನ್ನು ನೆಟ್ಟಗಾಯಿತು. ಮಣಿಕಟ್ಟು ಎದ್ದವು.
ಕೀಲಿ ನೋಡದೆ ಹತ್ತೂ ಬೆರಳು ಮೊದಲ ಪಾಠ ಹೊಡೆದವು;
ಹ್ಯಾಂಡ್‌ಕಾರ್ಟಿನವನು ಹಾರನ್ನು ಬೈಯುವುದು ಬಿಟ್ಟು ಇಣುಕಿದ.
ಸಾಲು ತುದಿಗೆ ಬಂದಾಗ
ಎಡಗೈ ತಾನಾಗಿ ಮೇಲೆದ್ದು
ಅಲ್ಲಿಲ್ಲದ ಸನ್ನೆಯನ್ನು ಹುಡುಕಿ
ಗಾಳಿಯಲ್ಲೇ ನಿಂತಿತು.

"ಗಂಟೆ ಬರಲ್ವಾ ಇದರಲ್ಲಿ?"

ಹದಿನಾರು ವರ್ಷದಲ್ಲಿ ಯಾರೂ ಕೇಳದ್ದು.
ಕೇಳಿದ್ದು ಪಾಸ್‌ವರ್ಡು, ಟ್ಯಾಲಿ, ಅಳಿಸಿಹೋದ ಮದುವೆ ಫೋಟೋ.
ಇಲ್ಲ ಅನ್ನಲು ಬಾಯಿ ತೆರೆದವನಿಗೆ ನೆನಪಾಯಿತು:
ಎಕ್ಸ್‌ಟರ್ಮ್ ಎಂಬ ಮುದಿ ಕಿಟಕಿ,
ಅದರ ಉದ್ದ ಪಟ್ಟಿಯ ನಡುವೆ, ಯಾರೂ ಮುಟ್ಟದ ಒಂದು ಸಾಲು.
ಟೆಲಿಪ್ರಿಂಟರು ಕಂಡಿದ್ದ ಯಾರೋ
ಹೋಗುವಾಗ ಮರೆತರೋ, ಬೇಕೆಂದೇ ಬಿಟ್ಟರೋ:
ಅಂಚಿನ ಗಂಟೆ.

ಟಿಕ್ ಹಾಕಿದೆ. ಸದ್ದಿಲ್ಲ.
ಡ್ರಾಯರು ತಡಕಿ, ಸತ್ತ ಬೋರ್ಡಿನಿಂದ
ಕಡಲೆಕಾಯಿ ಗಾತ್ರದ ಬಝರ್ ಕಿತ್ತು ಸಿಕ್ಕಿಸಿದೆ.

ಮತ್ತೆ ಹೊಡೆದರು.
ಹತ್ತಕ್ಷರ ಬಾಕಿ ಇದೆ ಎನ್ನುವಾಗ
ಕೀಂ ಎಂದಿತು.

ತಲೆ ವಾರೆ ಮಾಡಿ ಕೇಳಿಸಿಕೊಂಡರು.
"ಇದು ಗಂಟೆಯಲ್ಲ ಕಣೋ, ಸೊಳ್ಳೆ," ಎಂದರು,
ಕನ್ನಡಕ ಸರಿಮಾಡಿಕೊಂಡು
ಮುಂದಿನ ಸಾಲಿಗೆ ಹೋದರು.