ಮಂಡಕ್ಕಿ ಮೆತ್ತಗಾಯ್ತು

ಭಟ್ಟಿ ಆರಿದ ಮೇಲೆ ಬಾ, ಸೌಗಂಧಿ.
ಮರಳು ಇನ್ನೂ ಬಿಸಿ ಇರುತ್ತೆ, ಪಕ್ಕದಲ್ಲಿ ಕೂತರೆ ಬೆಚ್ಚಗೆ.
ಜೈತುನ್‌ಬಿ ಚೀಲ ಹೊಲೀತಾ ಇರ್ತಾಳೆ,
ಕೇಳಿಸಿದರೂ ಕೇಳಿಸದವಳ ಹಂಗೆ.
ದಾವಣಗೆರೆಯಲ್ಲಿ ನಮಗೆ ಬಾಡಿಗೆ ಕೊಟ್ಟವರ ಪೈಕಿ
ಹಳೇ ಹೆಸರು ಕೇಳದವಳು ಇವಳೊಬ್ಬಳೇ.

ಮೊದಲು ಬೆರಳಚ್ಚಿನ ಬೀಗ ತೆಗಿ.
ಬೆರಳನ್ನ ನಂಬಬೇಡ ಕಣೆ, ಮಣಿಕಟ್ಟು ತಿರುವಿದರೆ
ಅದು ಯಾರ ಮಾತು ಬೇಕಾದರೂ ಕೇಳುತ್ತೆ.
ಸ್ಟೇಷನ್ನಿನ ಬೆಂಚಿನ ಮೇಲೆ ನನ್ನ ಹೆಬ್ಬೆಟ್ಟು
ನನ್ನ ಫೋನನ್ನೇ ತೆರೆದು ಕೊಟ್ಟಿದ್ದು ನಾನು ನೋಡೀನಿ.
ಆರಂಕಿ ಹಾಕು. ಹುಟ್ಟಿದ ದಿನ ಬೇಡ,
ಅದು ಅವರ ಹತ್ತಿರ ಐತೆ,
ನಾವು ಬಿಟ್ಟು ಬಂದ ಹೆಸರಿನ ಪಕ್ಕದಲ್ಲೇ.

ಲೊಕೇಶನ್ ಆರಿಸು.
ಈ ಟಾರ್ಚಿನ ಆ್ಯಪಿಗೆ ನೀನೆಲ್ಲಿ ಮಲಗ್ತೀಯ ಅಂತ ಯಾಕೆ ಬೇಕು?
ಬೆಳಕು ಕೊಡೋಕೆ ಯಾರಾದರೂ ವಿಳಾಸ ಕೇಳ್ತಾರಾ?
ಸಾಲದ ಆ್ಯಪು ನಿನ್ನ ಕಾಂಟ್ಯಾಕ್ಟೆಲ್ಲ ಓದಿ ಮುಗಿಸೈತೆ,
ಅದು ಬಡ್ಡಿಗಿಂತ ಹೆಚ್ಚಿನ ಬಡ್ಡಿ. ಅದನ್ನೂ ತೆಗಿ.

ಆಮೇಲೆ ಎರಡು ನಂಬರು ಬಾಯಿಪಾಠ.
ಒಂದು ನಂದು, ಒಂದು ವಕೀಲರು ಕಮಲಾಕ್ಷಮ್ಮಂದು.
ಎರಡನೇ ಕ್ಲಾಸಿನಲ್ಲಿ ಮಗ್ಗಿ ಒಪ್ಪಿಸ್ತಿದ್ವಲ್ಲ,
ತೂಗಾಡಿಕೊಂಡು, ರಾಗ ಎಳೆದು, ಹಂಗೆ.
ನಡುವೆ ತಡೆದರೆ ಮತ್ತೆ ಮೊದಲಿಂದ.

ಇನ್ನು ನಮ್ಮ ನಮ್ಮ ಮಾತು.
"ಮೆಣಸಿನಕಾಯಿ ತರಲಾ" ಅಂದರೆ ಎಲ್ಲ ಸರಿ ಐತೆ.
"ಈರುಳ್ಳಿ ಹೆಚ್ಚಿಟ್ಟೀನಿ" ಅಂದರೆ ಹಿಂದಿನ ಬಾಗಿಲಿಂದ ಬಾ.
"ಮಂಡಕ್ಕಿ ಮೆತ್ತಗಾಯ್ತು" ಅಂದರೆ
ಬರಲೇಬೇಡ. ಸಿಕ್ಕ ಗಾಡಿ ಹತ್ತು.
ಎಲ್ಲಿಗೆ ಅಂತ ನನಗೂ ಹೇಳಬೇಡ.

ನಗ್ತೀಯ. ನಗು.
ಹೋದ ಶ್ರಾವಣದಲ್ಲಿ ನಮ್ಮ ಕುಣಿತದ ವಿಡಿಯೋ ಮೇಲೆ
ಮಕ್ಕಳ ಕಳ್ಳರು ಅಂತ ಬರೆದು ಯಾರೋ ಊರೆಲ್ಲ ಹಂಚಿದಾಗ
ಪಾರಿಜಾತ, ನಾಲ್ಕು ಜನಕ್ಕೆ ದೋಸೆ ಕಟ್ಟಿಸಿಕೊಂಡು
ನೇರ ಮನೆಗೇ ಬಂದಳು.
ಬಾಗಿಲಲ್ಲಿ ಜನ ಕಾಯ್ತಿದ್ದರು.
ಅವತ್ತು ನಮ್ಮ ಹತ್ತಿರ ಈ ಮಾತು ಇರಲಿಲ್ಲ.
ಈಗ ಅವಳಿಗೆ ಎಡಗಿವಿ ಒಂದೇ ಕೇಳೋದು.

ಚೀಲ ಬಾಗಿಲ ಹಿಂದೆ, ಮೊಳೆಗೆ.
ಹದಿನೈದು ದಿನದ ಮಾತ್ರೆ. ಆಧಾರ್ ಜೆರಾಕ್ಸು, ಪ್ಲಾಸ್ಟಿಕ್ಕಿನಲ್ಲಿ.
ಐನೂರರ ನೋಟು ಬೇಡ, ನಮಗ್ಯಾರು ಚಿಲ್ಲರೆ ಕೊಡ್ತಾರೆ,
ಹತ್ತು, ಇಪ್ಪತ್ತು.
ಚಾರ್ಜರು. ಪಿನ್ನಿನ ಡಬ್ಬಿ.
ತಳದಲ್ಲಿ ಒಂದು ಪ್ಯಾಂಟು, ತುಂಬುತೋಳಿನ ಅಂಗಿ.

ಹಂಗೆ ನೋಡಬೇಡ ನನ್ನ.
ಹನ್ನೊಂದು ವರ್ಷದ ಹಿಂದೆ ತೋಳಹುಣಸೆಯ ನಲ್ಲಿ ಹತ್ತಿರ
ಬಿಚ್ಚಿ ಎಸೆದು ಬಂದೆನಲ್ಲ, ಅವನನ್ನ
ಇಸ್ತ್ರಿ ಮಾಡಿ ಮಡಿಚಿಟ್ಟೀನಿ.
ಬೇಕಾದರೆ ಅರ್ಧ ಗಂಟೆ ಅವನಾಗಿ
ಪ್ಲಾಟ್‌ಫಾರ್ಮ್ ದಾಟಬಹುದು.
ನಡಿಗೆ ನೆನಪೈತೋ ಇಲ್ವೋ.

ಕೊನೆಗೆ ಫೋಟೋ.
ಮುಖ ಇರೋದೆಲ್ಲ ತೆಗಿ. ನಿನ್ನ ಮುಖ ಅಲ್ಲ, ಉಳಿದವರದ್ದು.
ನಾನೂ ತೆಗೆದೆ. ಅಣಜಿಯಲ್ಲಿ ತಂಗಿ ಮದುವೆ ಹಿಂದಿನ ರಾತ್ರಿ
ಹಿತ್ತಿಲ ಬಾಗಿಲಲ್ಲಿ ಕದ್ದು ಹಿಡಿದಿದ್ದು:
ಅವ್ವ ನನ್ನ ಸೆರಗು ಸರಿ ಮಾಡ್ತಾ ಇದ್ದಾಳೆ,
ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಈ ಕಡೆ ನೋಡೇ ಇಲ್ಲ.
ಅವಳ ತಲೆ ಮೇಲೆ ಮನೆ ನಂಬರು, ನೀಲಿ ತಗಡಿನಲ್ಲಿ,
ಕುರುಡನೂ ಓದಬಹುದು.

ಅಳಿಸಿದರೆ ತಕ್ಷಣ ಹೋಗಲ್ಲ ಕಣೆ.
ಮೂವತ್ತು ದಿನ ಕಸದ ಬುಟ್ಟಿಯಲ್ಲಿ ಕೂತಿರುತ್ತೆ.
ಬುಟ್ಟಿಯನ್ನೂ ಖಾಲಿ ಮಾಡಬೇಕು, ಮರೀಬೇಡ,
ಎಲ್ಲರೂ ಮಾಡೋ ತಪ್ಪು ಅದೇ.

ನಂದರಲ್ಲಿ
ಇನ್ನೂ ನಾಲ್ಕು ದಿನ ಅಂತ ತೋರಿಸ್ತಾ ಐತೆ.

ಜೈತುನ್‌ಬಿ ದಬ್ಬಳ ನಿಲ್ಲಿಸಿದಳು.
ಏನೂ ಅನ್ನಲಿಲ್ಲ, ಗೋಡೆ ಕಡೆ ತಿರುಗಿ ಕೂತಳು,
ನೋಡೋದಿದ್ದರೆ ನೋಡಿಕೊಳ್ಳಲಿ ಅಂತ.

ಸರಿ, ನಂಬರು ಹೇಳು.
ಒಂಬತ್ತು, ನಾಲ್ಕು, ನಾಲ್ಕು, ಎಂಟು...
ಅಲ್ಲ.
ಮೊದಲಿಂದ.